ಹುಡುಗಿ ಸಾಲದ ಲೆಕ್ಕ ಕೇಳಿದ್ರೆ ಪ್ರೀತಿ ಕಮ್ಮಿ ಅಂತನಾ? ಮದುವೆ ಆದವ್ರು, ಆಗದವ್ರು ಇಬ್ರೂ ಹೇಳಿ

ಏಳನೇ ಸೀಟು · ಭಾನುವಾರ ರಾತ್ರಿ 10:12

ಎಲ್ರಿಗೂ ನಮಸ್ಕಾರ. ನಾನು ಇಲ್ಲಿ ಓದುದೇ ಜಾಸ್ತಿ, ಬರೆಯುದು ಇದು ಎರಡನೇ ಸಲ, ಮೊದ್ಲು ಬರೆದದ್ದು ಸೆಕೆಂಡ್ ಹ್ಯಾಂಡ್ ಬೈಕ್ ಬಗ್ಗೆ. ವಯಸ್ಸು 31, ಮನೆ ಪಡುಬಿದ್ರಿ ಹತ್ರ, ಕೆಲ್ಸ ಉಡುಪಿಯಲ್ಲಿ, ದಿನಾ ಸರ್ವಿಸ್ ಬಸ್ಸು. ಹುಡುಗಿ ಮಂಗಳೂರಲ್ಲಿ ಕೆಲ್ಸಕ್ಕೆ ಇರುದು. ನಾಲ್ಕು ವರ್ಷದ ಲವ್, ಎರಡೂ ಮನೆಯವ್ರನ್ನು ಒಪ್ಪಿಸುವಾಗ ಸಾಕೋ ಸಾಕಾಯ್ತು, ಈಗ ನಿಶ್ಚಿತಾರ್ಥಕ್ಕೆ ದಿನ ನೋಡುದು ಮಾತ್ರ ಬಾಕಿ.

ನಿನ್ನೆ ಸಂಜೆ ಕಾಪು ಲೈಟ್‌ಹೌಸ್ ಬಂಡೆ ಮೇಲೆ ಕೂತಿದ್ವಿ. ಕೈಯಲ್ಲಿ ಚರುಮುರಿ, ಗಾಳಿಗೆ ಅರ್ಧ ಹಾರಿ ಹೋಗ್ತಿತ್ತು. ಸುಮ್ನೆ ಸಮುದ್ರ ನೋಡ್ತಾ ಇದ್ದವ್ಳು ಒಮ್ಮೆಲೆ ಮೂರು ಪ್ರಶ್ನೆ ಕೇಳಿದ್ಲು. ಒಂದು, ನಿನ್ನ ಹೆಸ್ರಲ್ಲಿ ಒಟ್ಟು ಸಾಲ ಎಷ್ಟುಂಟು. ಎರಡು, ನಿನ್ನ ಪಿಎಫ್‌ಗೆ ನಾಮಿನಿ ಯಾರು. ಮೂರು, ನಾಳೆ ನಂಗೂ ನಿನ್ನ ಅಮ್ಮಂಗೂ ಜಗಳ ಆದ್ರೆ ನೀನು ಎಂತ ಮಾಡ್ತಿ, ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ತಿಯಾ.

ನಂಗೆ ಸಿಟ್ಟು ಬಂತು, ಸುಳ್ಳು ಹೇಳುದಿಲ್ಲ. ನಾಲ್ಕು ವರ್ಷ ಆದ್ಮೇಲೂ ನಂಬಿಕೆ ಇಲ್ವಾ ಅಂತ ಕೇಳಿದೆ. ಅವ್ಳು ಹೇಳಿದ್ಲು, ಪ್ರೀತಿ ಇಲ್ಲದಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ, ನಂಬಿಕೆ ಬೇರೆ ವಿಷಯ, ಅದು ಇನ್ನು ಆಗ್ಬೇಕು ಅಂತ. ಅದೇ ನಂಗೆ ಅರ್ಥ ಆಗದ್ದು. ನಾನು ಪ್ರೀತಿ ಮಾಡಿದ ದಿನವೇ ನಂಬಿ ಆಗಿದೆ, ನನಗೆ ಎರಡೂ ಒಂದೇ ಪ್ಯಾಕೇಜು. ಹುಡುಗಿಯರಿಗೆ ಬೇರೆ ಬೇರೆನಾ? ಮದುವೆ ಆದ್ಮೇಲೆ ಇದೆಲ್ಲ ಸರಿ ಆಗ್ತದಾ ಅಥವಾ ಇನ್ನೂ ಹೆಚ್ಚಾಗ್ತದಾ? ಅನುಭವ ಇದ್ದವ್ರು ಹೇಳಿ.

ಬೂತಾಯಿ ಫ್ರೈ · ರಾತ್ರಿ 10:19

ಬ್ರೋ ಅವ್ಳು ಸಿಬಿಲ್ ಸ್ಕೋರ್ ನೋಡಿ ಲವ್ ಮಾಡುವ ಟೈಪ್. ಓಡು. ಕಾಪುವಿನಿಂದ ಓಡಿದ್ರೆ ಕಟಪಾಡಿವರೆಗೆ ಹಿಂದೆ ತಿರುಗಿ ನೋಡ್ಬೇಡ 😂

ಮಂಡೆಬಿಸಿ · ರಾತ್ರಿ 10:41

ಬೂತಾಯಿ ಅವ್ರೆ ನಿಮ್ಗೆ ಯಾಕೆ ಇನ್ನೂ ಯಾರೂ ಸಿಕ್ಕಿಲ್ಲ ಅಂತ ಈಗ ಗೊತ್ತಾಯ್ತು.

ಏಳನೇ ಸೀಟು, ನಾನು ಹುಡುಗಿಯರ ಕಡೆಯಿಂದ ಒಂದು ಹೇಳ್ತೇನೆ, ಕೇಳಿ. ವಯಸ್ಸು 26, ಮದುವೆ ಆಗಿಲ್ಲ, ಒಬ್ಬ ಇದ್ದಾನೆ. ಅವ್ನ ನಂಬರ್ ನನ್ನ ಫೋನಲ್ಲಿ "ಪ್ಲಂಬರ್" ಅಂತ ಸೇವ್ ಆಗಿರುದು. ನನ್ನ ನಂಬರ್ ಅವ್ನ ಫೋನಲ್ಲಿ ನನ್ನ ಹೆಸ್ರಲ್ಲೇ ಉಂಟು, ಮೇಲಿಂದ ಒಂದು ಹಾರ್ಟ್. ಇಷ್ಟರಲ್ಲೇ ಅರ್ಥ ಮಾಡ್ಕೊಳ್ಳಿ.

ಕಳೆದ ಡಿಸೆಂಬರಲ್ಲಿ ಇಬ್ರೂ ಮಲ್ಪೆಯಿಂದ ಸೇಂಟ್ ಮೇರೀಸ್ ಐಲ್ಯಾಂಡಿಗೆ ಹೋಗಿದ್ವಿ. ಬೋಟಲ್ಲಿ ನಾನು ಒಂದು ಕಡೆ, ಅವ್ನು ಒಂದು ಕಡೆ, ಪರಿಚಯ ಇಲ್ಲದವ್ರ ಹಾಗೆ. ರಾತ್ರಿ ಅವ್ನು ಸ್ಟೇಟಸ್ ಹಾಕಿದ, ಬರೀ ಆ ಕಂಬದ ಹಾಗೆ ನಿಂತ ಕಪ್ಪು ಕಲ್ಲುಗಳು ಮತ್ತು ಸೂರ್ಯ. ಫೋಟೋದ ಮೂಲೆಯಲ್ಲಿ ನನ್ನ ದುಪಟ್ಟಾದ ತುದಿ, ಇಷ್ಟೇ ಇಷ್ಟು, ಬೆರಳಿನ ಉಗುರಿನಷ್ಟು. ನನ್ನ ದೊಡ್ಡಮ್ಮನ ಮಗಳು ಅದನ್ನು ಗುರುತು ಹಿಡಿದ್ಲು, ಯಾಕಂದ್ರೆ ಆ ದುಪಟ್ಟಾ ಅವ್ಳೇ ಕೊಟ್ಟದ್ದು. ಆಮೇಲೆ ಮನೆಯಲ್ಲಿ ಒಂದು ತಿಂಗಳು ಎಂತ ಆಯ್ತು ಅಂತ ಇಲ್ಲಿ ಬರೆಯುದಿಲ್ಲ. ಅವ್ನಿಗೆ ಹೇಳಿದ್ರೆ ಅವ್ನು "ಮುಖ ಕಾಣ್ಲಿಲ್ಲ ಅಲ್ವಾ" ಅಂದ.

ಅವ್ನಿಗೆ ನನ್ನ ಮೇಲೆ ಪ್ರೀತಿ ಇಲ್ವಾ? ಉಂಟು, ನನಗಿಂತ ಹೆಚ್ಚೇ ಇರ್ಬಹುದು. ಆದ್ರೆ ಅದು ಹೊರಗೆ ಬಿದ್ರೆ ಅವ್ನಿಗೆ ಅವ್ನ ಫ್ರೆಂಡ್ಸ್ ಪಾರ್ಟಿ ಕೇಳ್ತಾರೆ, ನಂಗೆ ಕೆಲ್ಸ ಬಿಡಿಸ್ತಾರೆ. ಹಾಗಾಗಿ ನಾನು ಮೊದ್ಲು ನೋಡುದು ಇವ್ನು ಎಷ್ಟು ಪ್ರೀತಿ ಮಾಡ್ತಾನೆ ಅಂತ ಅಲ್ಲ, ಇವ್ನಿಗೆ ಜಾಗ್ರತೆ ಉಂಟಾ ಅಂತ. ನಿಮ್ಮ ಹುಡುಗಿ ಸಾಲ ಕೇಳಿದ್ದು ಕೂಡ ಅದೇ.

ಮತ್ತೆ ಮಂಗಳೂರಲ್ಲಿ 2009ರ ಜನವರಿ 24ಕ್ಕೆ ಪಬ್ಬಿಗೆ ನುಗ್ಗಿ ಹುಡುಗಿಯರಿಗೆ ಹೊಡೆದದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿದೆ. ನಾನಾಗ ಸಣ್ಣವ್ಳು, ಅಮ್ಮ ಟೀವಿ ಆಫ್ ಮಾಡಿದ್ದು ನೆನಪುಂಟು. ಪಣಂಬೂರು ಬೀಚಲ್ಲಿ ಇವತ್ತೂ ಯಾರಾದ್ರೂ ಹಿಂದೆ ಬಂದು ನಿಂತ್ರೆ ಕುತ್ತಿಗೆಯ ಹಿಂದೆ ಚಳಿ ಆಗ್ತದೆ. ಅವ್ನು ಸಮುದ್ರ ನೋಡ್ತಾ ಇರ್ತಾನೆ, ನಾನು ಪಾರ್ಕಿಂಗ್ ನೋಡ್ತಾ ಇರ್ತೇನೆ.

ಏಳನೇ ಸೀಟು · ರಾತ್ರಿ 10:58

ದುಪಟ್ಟಾದ ವಿಷಯ ಓದಿ ಒಂದು ನಿಮಿಷ ಸುಮ್ನೆ ಕೂತೆ. ನಮ್ದು ಈಗ ಮನೆಯಲ್ಲಿ ಗೊತ್ತುಂಟಲ್ಲ, ಅಂಥ ಹೆದರಿಕೆ ಇಲ್ಲ. ಆದ್ರೂ ಪಿಎಫ್ ನಾಮಿನಿ ಯಾಕೆ ಅಂತ?

ಕಂಕನಾಡಿ ಅಕ್ಕ · ರಾತ್ರಿ 11:35

ತಮ್ಮಾ, ಮದುವೆ ಆಗಿ 14 ವರ್ಷ ಆಯ್ತು ನಂಗೆ. ಅದ್ರಲ್ಲಿ 11 ವರ್ಷ ಅವ್ರು ಗಲ್ಫಲ್ಲಿ. ಇಲ್ಲಿ ರಾತ್ರಿ ಒಂಬತ್ತೂವರೆ ಅಂದ್ರೆ ಅಲ್ಲಿ ಎಂಟು, ಆಗ ಕಾಲ್ ಬರ್ಬೇಕು, ಬರ್ತದೆ. ಮಕ್ಕಳಿಗೆ ಅಪ್ಪ ಅಂದ್ರೆ ಫೋನಿನ ಸ್ಟ್ಯಾಂಡಿಗೆ ಒರಗಿಸಿಟ್ಟ ಮುಖ.

ಮನೆ ಕಟ್ಟುವಾಗ ನನ್ನ ಅಕೌಂಟಿಗೆ 32 ಲಕ್ಷ ಹಾಕಿದ್ದಾರೆ, ಕಂತು ಕಂತಾಗಿ. ಒಂದು ದಿನ ಬಿಲ್ ಕೇಳ್ಲಿಲ್ಲ. ಸಿಮೆಂಟ್, ಕಬ್ಬಿಣ, ಕೆಂಪುಕಲ್ಲು, ಮರದ ಕೆಲ್ಸದವ್ರ ಸಂಬಳ ಎಲ್ಲ ನಾನೇ ನೋಡಿದ್ದು. ಅಷ್ಟು ನಂಬಿಕೆ. ಒಂದು ದಿನ ಟೈಲ್ಸ್ ನೋಡ್ಲಿಕ್ಕೆ ಹೋಗುವಾಗ ನನ್ನ ಸ್ಕೂಟರ್ ಕೆಟ್ಟಿತ್ತು, ಟೈಲ್ಸ್ ಹಾಕುವವ್ನ ಬೈಕ್ ಹಿಂದೆ ಕೂತು ಹೋದೆ, ಪಂಪ್‌ವೆಲ್‌ವರೆಗೆ, ಹತ್ತು ನಿಮಿಷ ಸಹ ಇಲ್ಲ. ರಾತ್ರಿ ಕಾಲಲ್ಲಿ ಮೊದಲ ಪ್ರಶ್ನೆ, ಇವತ್ತು ಯಾರ ಬೈಕಲ್ಲಿ ಹೋದದ್ದು. ಇಲ್ಲಿಂದ ಯಾರೋ ಅವ್ರಿಗೆ ಮೆಸೇಜ್ ಹಾಕಿ ಆಗಿತ್ತು, ನಾನು ಟೈಲ್ಸಿನ ಕಲರ್ ಸೆಲೆಕ್ಟ್ ಮಾಡುವ ಮೊದ್ಲೇ. 32 ಲಕ್ಷಕ್ಕೆ ನಂಬಿಕೆ ಉಂಟು, ಹತ್ತು ನಿಮಿಷಕ್ಕೆ ಇಲ್ಲ! ಆ ರಾತ್ರಿ ನಾನು ನಕ್ಕದ್ದಾ ಅತ್ತದ್ದಾ ಅಂತ ನಂಗೇ ನೆನಪಿಲ್ಲ.

ಈಗ ನನ್ನ ಕಡೆದು ಹೇಳ್ತೇನೆ. ಅಲ್ಲಿ ಅವ್ರಿಗೆ ಯಾರಾದ್ರೂ ಇದ್ದಾರಾ ಅಂತ ನಾನು ಇಷ್ಟು ವರ್ಷದಲ್ಲಿ ಒಂದು ದಿನ ಕೇಳ್ಲಿಲ್ಲ. ಯೋಚನೆ ಬಂದದ್ದಿಲ್ಲ ಅಂತ ಅಲ್ಲ, ಬಂದಾಗ ಪಾತ್ರೆ ತೊಳೆದಿದ್ದೇನೆ. ಆದ್ರೆ ಒಂದು ಸಲ ಕಂಪೆನಿಯವ್ರು ಮೂರು ತಿಂಗಳು ಸಂಬಳ ಕೊಡ್ಲಿಲ್ಲ, ಅವ್ರು ನಂಗೆ ಹೇಳ್ಲಿಲ್ಲ. ಫ್ರೆಂಡ್ ಹತ್ರ ಸಾಲ ಮಾಡಿ ತಿಂಗ್ಳು ತಿಂಗ್ಳು ದುಡ್ಡು ಕಳಿಸಿದ್ರು. ನಂಗೆ ಗೊತ್ತಾದದ್ದು ಹೇಗೆ ಅಂದ್ರೆ ಮಧ್ಯಾಹ್ನ ಹನ್ನೊಂದು ಗಂಟೆಗೆಲ್ಲ ಆನ್‌ಲೈನ್ ಕಾಣ್ತಿದ್ರು, ಡ್ಯೂಟಿ ಟೈಮಲ್ಲಿ. ಕೇಳಿದಾಗ "ನಿಂಗೆ ಟೆನ್ಶನ್ ಯಾಕೆ ಅಂತ ಹೇಳ್ಲಿಲ್ಲ" ಅಂದ್ರು. ಬೇರೆ ಹೆಂಗ್ಸು ಅಂದಿದ್ರೂ ಅಷ್ಟು ನೋವು ಆಗ್ತಿರ್ಲಿಲ್ಲ ಅಂತ ಆಗ ಅನಿಸಿತು, ಈಗ ಯೋಚಿಸಿದ್ರೆ ಹಾಗೆ ಹೇಳುದು ತಪ್ಪು, ಆಗ್ತಿತ್ತು. ಆದ್ರೆ ಆ ಮೂರು ತಿಂಗ್ಳು ನಾನು ಮೀನಿಗೆ ಚೌಕಾಶಿ ಮಾಡದೆ ಅಂಜಲ್ ತಗೊಂಡದ್ದು ನೆನಪಾಗಿ ಇವತ್ತೂ ಹೊಟ್ಟೆ ಉರೀತದೆ. ನನ್ನನ್ನು ಮನೆಯ ಒಳಗೆ ಇಟ್ಟು ಲೆಕ್ಕದ ಹೊರಗೆ ಇಟ್ರಲ್ಲ.

ಅದಕ್ಕೇ ಆ ಹುಡುಗಿ ಪಿಎಫ್ ಕೇಳಿದ್ದು.

ಲೈಬ್ರರಿ ಹುಳ · ಸೋಮವಾರ ಬೆಳಿಗ್ಗೆ 7:20

ರಾತ್ರಿ ಓದಿದೆ, ಈಗ ಬರೀತಿದ್ದೇನೆ, ಪಾಠ ಮಾಡುವ ಚಾಳಿ ಇದೆ ಕ್ಷಮಿಸಿ (ಸೈಕಾಲಜಿ ಓದಿದ್ದು, ಕಲಿಸುದೂ ಅದೇ).

ಪ್ರೀತಿ ನಂಬಿಕೆ ಎರಡೂ ಒಂದೇ ಪ್ಯಾಕೇಜು ಅಂತ ಕೇಳಿದ್ರಲ್ಲ, ಇದನ್ನು ಅಳೀಲಿಕ್ಕೆ ಹೋದವ್ರು ಎರಡನ್ನೂ ಬೇರೆ ಬೇರೆ ಅಳತೆಗೋಲಲ್ಲೇ ಅಳೆದದ್ದು. 1970ರಲ್ಲಿ ಝಿಕ್ ರುಬಿನ್ ಅನ್ನುವವ್ರು ಅಮೆರಿಕದ ಮಿಷಿಗನ್‌ನಲ್ಲಿ ಮದುವೆ ಆಗದ ಕಾಲೇಜು ಜೋಡಿಗಳಿಗೆ ಪ್ರಶ್ನೆ ಪತ್ರಿಕೆ ಕೊಟ್ರು. "ಪ್ರೀತಿ"ಯ ಅಂಕದಲ್ಲಿ ಗಂಡು ಹೆಣ್ಣು ಹತ್ತಿರ ಹತ್ತಿರ ಒಂದೇ. ವ್ಯತ್ಯಾಸ ಬಂದದ್ದು "ಮೆಚ್ಚುಗೆ"ಯಲ್ಲಿ, ಅಂದ್ರೆ ಇವ್ನು ಬುದ್ಧಿವಂತ, ಇವ್ನ ತೀರ್ಮಾನ ಸರಿ ಇರ್ತದೆ, ಅಂಥ ಪ್ರಶ್ನೆಗಳು. ಹುಡುಗಿಯರು ಹುಡುಗರನ್ನು ಮೆಚ್ಚಿದಷ್ಟು ಹುಡುಗರು ಹುಡುಗಿಯರನ್ನು ಮೆಚ್ಚಿರ್ಲಿಲ್ಲ. ಪ್ರೀತಿ ಸಮ, ಮರ್ಯಾದೆ ಸಮ ಅಲ್ಲ ಅಂತ ನಾನು ಕ್ಲಾಸಲ್ಲಿ ಹೇಳುದು, ಹುಡುಗಿಯರ ಬೆಂಚಿಂದ ಜೋರು ನಗು ಬರ್ತದೆ.

ನಂಬಿಕೆ ಬಗ್ಗೆ 1985ರಲ್ಲಿ ರೆಂಪೆಲ್, ಹೋಮ್ಸ್, ಝಾನಾ ಅಂತ ಮೂವರು ಬರೆದದ್ದು ಈಗ್ಲೂ ಓದಿಸ್ತಾರೆ. ಅವ್ರ ಪ್ರಕಾರ ನಂಬಿಕೆಗೆ ಮೂರು ಮೆಟ್ಟಿಲು. ಮೊದಲನೆಯದು ಇವ್ರು ನಾಳೆ ಹೇಗೆ ನಡ್ಕೊಳ್ತಾರೆ ಅಂತ ಅಂದಾಜು ಸಿಗುದು. ಎರಡನೆಯದು ಕಷ್ಟ ಬಂದಾಗ ಒರಗ್ಲಿಕ್ಕೆ ಆಗ್ತದಾ ಅನ್ನುದು. ಮೂರನೆಯದು ಪುರಾವೆ ಇಲ್ಲದಿದ್ರೂ ಇವ್ರು ನನ್ನ ಪರ ಅಂತ ಗಟ್ಟಿ ಕೂರುದು. ಏಳನೇ ಸೀಟು ಸೀದಾ ಮೂರನೇ ಮೆಟ್ಟಿಲಲ್ಲಿ ನಿಂತಿದ್ದಾರೆ. ಅವ್ರ ಹುಡುಗಿ ಎರಡನೆಯದನ್ನು ಕಾಲಿಟ್ಟು ಅಲ್ಲಾಡ್ತದಾ ಅಂತ ನೋಡ್ತಾ ಇದ್ದಾರೆ. ಅವ್ಳ ಮೂರು ಪ್ರಶ್ನೆ ಪುನಃ ಓದಿ.

ಇನ್ನೊಂದು. ಮೊದ್ಲು "ಐ ಲವ್ ಯೂ" ಹೇಳುದು ಹೆಂಗಸ್ರು ಅಂತ ಎಲ್ರೂ ಊಹೆ ಮಾಡ್ತಾರೆ, ಆದ್ರೆ 2011ರಲ್ಲಿ ಆಕರ್ಮನ್ ಮತ್ತು ಅವ್ರ ಜೊತೆಯವ್ರು ಪ್ರಕಟಿಸಿದ ಅಧ್ಯಯನದಲ್ಲಿ ಮೊದ್ಲು ಹೇಳುದು ಹೆಚ್ಚಾಗಿ ಗಂಡಸ್ರೇ ಅಂತ ಬಂತು. ಹೇಳಿ ತಪ್ಪಾದ್ರೆ ಯಾರಿಗೆ ನಷ್ಟ ಕಮ್ಮಿಯೋ ಅವ್ರು ಮೊದ್ಲು ಹೇಳ್ತಾರೆ, ಲೆಕ್ಕ ಸಿಂಪಲ್.

ಮದುವೆ ಆದ್ಮೇಲೆ? ನಮ್ಮ ದೇಶದ್ದು ಒಂದುಂಟು, 1982ರಲ್ಲಿ ಉಷಾ ಗುಪ್ತಾ, ಪುಷ್ಪಾ ಸಿಂಗ್ ಜೈಪುರದಲ್ಲಿ 50 ಜೋಡಿಗಳನ್ನು ಕೇಳಿದ್ದು. ಲವ್ ಮ್ಯಾರೇಜಿನವ್ರ ಪ್ರೀತಿ ಮೊದಲ ವರ್ಷಗಳಲ್ಲಿ ಮೇಲೆ, ಹತ್ತು ವರ್ಷ ಕಳೆದವ್ರಲ್ಲಿ ನೋಡಿದ್ರೆ ಅರೇಂಜ್ಡ್‌ನವ್ರೇ ಮೇಲೆ. ಇದನ್ನು ಎಲ್ಲ ಮದುವೆ ಭಾಷಣದಲ್ಲಿ ಎತ್ತಿ ಹೇಳ್ತಾರೆ. ಆದ್ರೆ ಒಂದೇ ಜೋಡಿಯನ್ನು ಹತ್ತು ವರ್ಷ ಹಿಂಬಾಲಿಸಿದ್ದಲ್ಲ, ಬೇರೆ ಬೇರೆ ವರ್ಷದ ಜೋಡಿಗಳನ್ನು ಒಮ್ಮೆ ಕೇಳಿದ್ದು. ಐವತ್ತೇ ಜೋಡಿ. ಅದನ್ನು ನಂಬಿ ನಿಮ್ಮ ಲವ್ ಬಿಡ್ಬೇಡಿ ಮತ್ತೆ.

ಬೂತಾಯಿ ಫ್ರೈ · ಸೋಮವಾರ ಬೆಳಿಗ್ಗೆ 9:03

ಸರ್ ಹೊಟ್ಟೆಕಿಚ್ಚಿನ ಬಗ್ಗೆ ಎಂತಾದ್ರೂ ಉಂಟಾ? ನಂಗೆ ಎಕ್ಸ್ ಒಬ್ಳಿದ್ಲು (ಹೌದು ಮಂಡೆಬಿಸಿ, ಇದ್ಲು). ಅವ್ಳು ಆಫೀಸಲ್ಲಿ ಇನ್ನೊಬ್ಬನ ಜೊತೆ ಊಟಕ್ಕೆ ಹೋದ್ರೆ ನಂಗೆ ಮಂಡೆ ಕೆಡ್ತಿತ್ತು. ನಾನು ಯಾರ ಜೊತೆ ಗಡ್‌ಬಡ್ ಐಸ್‌ಕ್ರೀಂ ತಿಂದ್ರೂ ಅವ್ಳಿಗೆ ತೊಂದ್ರೆ ಇಲ್ಲ, ಆದ್ರೆ ರಾತ್ರಿ ಒಂದು ಗಂಟೆವರೆಗೆ ಒಬ್ಳ ಜೊತೆ ಚಾಟ್ ಮಾಡಿ ನನ್ನ ಅಪ್ಪನ ಆಪರೇಷನ್ ವಿಷಯ ಅವ್ಳಿಗೆ ಮೊದ್ಲು ಹೇಳಿದೆ ಅಂತ ಬ್ರೇಕಪ್ ಮಾಡಿದ್ಲು. ಬರೀ ಚಾಟ್!

ಲೈಬ್ರರಿ ಹುಳ · ಸೋಮವಾರ ಬೆಳಿಗ್ಗೆ 9:40

ನೀವು ಟೆಕ್ಸ್ಟ್‌ಬುಕ್ ಕೇಸ್. 1992ರಲ್ಲಿ ಡೇವಿಡ್ ಬಸ್ ತಂಡ ಇದನ್ನೇ ಕೇಳಿದ್ದು, ಸಂಗಾತಿ ಇನ್ನೊಬ್ಬರ ಜೊತೆ ಮಲಗಿದ್ರೆ ಹೆಚ್ಚು ನೋವಾ, ಮನಸ್ಸು ಕೊಟ್ರೆ ಹೆಚ್ಚು ನೋವಾ. ಗಂಡಸ್ರಲ್ಲಿ ಮೊದಲನೆಯದನ್ನು ಹೇಳಿದವ್ರು ಹೆಂಗಸ್ರಿಗಿಂತ ಜಾಸ್ತಿ, ಹೆಂಗಸ್ರಲ್ಲಿ ಎರಡನೆಯದನ್ನು ಹೇಳಿದವ್ರು ಜಾಸ್ತಿ. ಆಮೇಲೆ ಬೇರೆಯವ್ರು ಆಕ್ಷೇಪ ತೆಗೆದ್ರು, ಎರಡರಲ್ಲಿ ಒಂದೇ ಆರಿಸಿ ಅಂತ ಒತ್ತಾಯ ಮಾಡಿದ್ರೆ ಹಾಗೆ ಬರ್ತದೆ, ಎರಡಕ್ಕೂ ಬೇರೆ ಬೇರೆ ಅಂಕ ಕೊಡಿ ಅಂದ್ರೆ ವ್ಯತ್ಯಾಸ ಇಳೀತದೆ ಅಂತ. ಜಗಳ ಇನ್ನೂ ಮುಗಿದಿಲ್ಲ.

ಅಪ್ಪನ ಆಪರೇಷನ್ ವಿಷಯ ಮಾತ್ರ "ಬರೀ ಚಾಟ್" ಅಲ್ಲ ಮಾರಾಯ.

ಹ್ವಾಯ್ ಕುಂದಾಪ್ರ · ಸೋಮವಾರ ಮಧ್ಯಾಹ್ನ 2:15

ಹ್ವಾಯ್, ಎಲ್ಲ ಹೆಣ್ಮಕ್ಕಳ ನಂಬಿಕೆ ಬಗ್ಗೆಯೇ ಮಾತಾಡ್ತ್ರಿ, ಗಂಡಸ್ರ ನಂಬಿಕೆ ಅಂದ್ರೆ ಬರೀ ಹೊಟ್ಟೆಕಿಚ್ಚಾ? ನಾ ಒಂದ್ ಹೇಳ್ತೆ ಕಾಣಿ. ಮದಿ ಆಯಿ ಆರ್ ವರ್ಷ. ಬೆಂಗ್ಳೂರಲ್ಲಿ ಪಾರ್ಟ್ನರ್‌ಶಿಪ್ಪಲ್ಲಿ ಸಣ್ಣ ಹೋಟ್ಲ್ ಇತ್ತ್ ನಮ್ದ್, ಕೋವಿಡ್ ಟೈಮಲ್ಲಿ ಬಾಗ್ಲ್ ಹಾಕುಕಾಯ್ತ್. ಗ್ರೈಂಡರ್, ಇಡ್ಲಿ ಪಾತ್ರಿ, ಟೇಬಲ್ ಎಲ್ಲ ಗುಜ್ರಿ ರೇಟಿಗೆ ಹೋಯ್ತ್. ಊರಿಗ್ ಬಂದ್ ಆ ರಾತ್ರಿ ಹೆಂಡ್ತಿ ಎದ್ರ್ ಕಣ್ಣೀರ್ ಹಾಕಿ ಮರ್ಕಿದೆ. ಅಪ್ಪ ಸತ್ತಾಗ್ಳೂ ಮರ್ಕಿದ್ದಿಲ್ಲ ನಾನ್.

ಎಂಟ್ ದಿನ ಬಿಟ್ ಅತ್ತಿ ಮನೆಗ್ ಹೋರೆ ಹೆಂಡ್ತಿ ಅಕ್ಕ ಬಂದ್ "ಭಾವ, ಮರ್ಕುಕೆ ಎಂತ ಇತ್ತ್, ಧೈರ್ಯ ಮಾಡಿ" ಅಂದ್ರ್. ಒಳ್ಳೆ ಮನ್ಸಿಂದೇ ಹೇಳ್ರ್. ಆದ್ರೆ ನಂಗೆ ಮೈಮೇಲೆ ಬಟ್ಟಿ ಇಲ್ದೆ ನಿಂತಂಗೆ ಆಯ್ತ್. ಹೆಂಡ್ತಿಗ್ ಕೇಂಡ್ರೆ "ಅಕ್ಕನ್ ಹತ್ರ ಅಲ್ದೆ ಮತ್ ಯಾರ್ ಹತ್ರ ಹೇಳ್ಕೊಳ್ಲಿ" ಅಂದ್ಳ್. ಅವ್ಳಿಗ್ ಅದ್ ತಪ್ಪೇ ಅಲ್ಲ. ನಂಗೆ ಅದ್ಕಿಂತ ದೊಡ್ಡ ತಪ್ಪಿಲ್ಲ. ಅಲ್ಲಿಂದ ಈಚೆಗೆ ಲಾಭ ಆರೆ ಹೇಳ್ತೆ, ನಷ್ಟ ಆರೆ ಹೇಳುದಿಲ್ಲ. ಕಂಕನಾಡಿ ಅಕ್ಕ, ನಿಮ್ಮ ಯಜಮಾನ್ರ್ ಎಂತಕ್ಕ್ ಹೇಳಲಿಲ್ಲ ಅಂತ ನಂಗ್ ಅರ್ಥ ಆತ್ತ್.

ಮಂಡೆಬಿಸಿ · ಸೋಮವಾರ ಮಧ್ಯಾಹ್ನ 2:50

ಓದಿ ಬೇಜಾರಾಯ್ತು ನಿಜವಾಗಿಯೂ. ಆದ್ರೆ ನಿಮ್ಮ ಹೆಂಡ್ತಿ ಹೇಳಿದ್ದೂ ಸರಿ ಅಲ್ವಾ? ನೀವು ಅತ್ತು ಹಗುರ ಆದ್ರಿ, ಆ ಭಾರ ಅವ್ರ ತಲೆ ಮೇಲೆ ಬಂತು, ಅವ್ರು ಎಲ್ಲಿ ಇಳಿಸ್ಬೇಕು? ಗಂಡಸ್ರಿಗೆ ಹೆಂಡ್ತಿ ಒಬ್ಳೇ ಫ್ರೆಂಡು, ನಮ್ಗೆ ಅಕ್ಕ, ಅಮ್ಮ, ಕಾಲೇಜ್ ಫ್ರೆಂಡ್ಸ್ ಅಂತ ನಾಲ್ಕು ಬಾಗಿಲು ಇರ್ತದೆ. ನೀವು ನಾಲ್ಕನ್ನೂ ಮುಚ್ಚು ಅಂತೀರಿ.

ಹ್ವಾಯ್ ಕುಂದಾಪ್ರ · ಸೋಮವಾರ ಮಧ್ಯಾಹ್ನ 3:04

ಮುಚ್ಚ್ ಅಂದಿಲ್ಲ ಮಾರಾಯ್ತಿ. ಕೇಂಡ್ ತೆಗಿ ಅಂದೆ.

ಅಡ್ಮಿನ್ · ಸೋಮವಾರ ಸಂಜೆ 5:30

ಜಾತಿ ಧರ್ಮ ಎಳೆದ ಎರಡು ಕಮೆಂಟ್ ತೆಗೆದಿದ್ದೇನೆ. ಇನ್ನೊಬ್ಬರು ಹುಡುಗಿಯ ಊರು, ಆಫೀಸು ಕೇಳ್ತಾ ಇದ್ರು, ಅದೂ ತೆಗೆದಾಯ್ತು. ಸುಮ್‌ಸುಮ್ನೆ ನಂಗೆ ಕೆಲ್ಸ ಕೊಡ್ಬೇಡಿ.

ದೋಣಿ ಮನೆ · ಸೋಮವಾರ ರಾತ್ರಿ 8:48

ನಾನು ಮಲ್ಪೆ ಕಡೆಯವ್ಳು. ನಮ್ಮಲ್ಲಿ ಈ ಪ್ರಶ್ನೆ ಯಾರೂ ಕೇಳುದಿಲ್ಲ ಅಂತ ಓದುವಾಗ ಅನಿಸಿತು. ಅಪ್ಪ ಡೀಪ್ ಸೀ ಬೋಟಿಗೆ ಹೋಗುದು, ಹೋದ್ರೆ ಹತ್ತು ಹನ್ನೆರಡು ದಿನ. ಅಮ್ಮ ಮೀನು ಮಾರುದು. ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಬಂದ್ ಇರ್ತದಲ್ಲ, ಆ 61 ದಿನ ಮನೆ ನಡೆಯುದು ಅಮ್ಮನ ಲೆಕ್ಕದಲ್ಲಿ.

ಸಣ್ಣದಿರುವಾಗಿಂದ ನೋಡಿದ ಒಂದು ದೃಶ್ಯ ಹೇಳ್ತೇನೆ. ಅಪ್ಪ ಬೋಟಿಂದ ಇಳಿದು ಬಂದು ಪಾಲಿನ ದುಡ್ಡನ್ನು ಲುಂಗಿಯ ಮಡಿಕೆಯಿಂದ ತೆಗೆದು ಅಮ್ಮನ ಕೈಗೆ ಕೊಡುದು, ಎಣಿಸದೆ. ಅಮ್ಮ ಅಲ್ಲೇ ಅವ್ರ ಎದುರೇ ಎರಡು ಸಲ ಎಣಿಸುದು, ಬೆರಳಿಗೆ ಉಗುಳು ಹಚ್ಚಿ. ಅಪ್ಪ ಕೋಪ ಮಾಡುದಿಲ್ಲ, ಚಾ ಕುಡೀತಾ ಇರುದು. ಆಮೇಲೆ ಅಮ್ಮ ಅದ್ರಿಂದ ಒಂದು ಐನೂರು ತೆಗೆದು ಅಪ್ಪನ ಕಿಸೆಗೆ ಹಾಕುದು. ಅವ್ರ ಮಧ್ಯೆ ಐ ಲವ್ ಯೂ ಗಿವ್ ಯೂ ಎಂತದೂ ಇಲ್ಲ. ನಾನು ಕೇಳಿದ್ದೆ ಒಮ್ಮೆ, ಅಪ್ಪನ ಎದುರೇ ಎಣಿಸ್ತಿಯಲ್ಲ ಅವ್ರಿಗೆ ಬೇಜಾರಾಗುದಿಲ್ವಾ ಅಂತ. ಹಿಂದೆ ಎಣಿಸಿದ್ರೆ ಬೇಜಾರು, ಎದುರು ಎಣಿಸಿದ್ರೆ ಎಂತ ಬೇಜಾರು ಅಂದ್ಲು.

ಆದ್ರೆ ಎಲ್ಲ ಬೋಟಿನ ಮನೆ ಹೀಗೆ ಅಂತ ಅಲ್ಲ, ಕುಡಿದು ಬಂದು ಪಾಲು ಖಾಲಿ ಮಾಡುವವ್ರೂ ಬೇಕಾದಷ್ಟಿದ್ದಾರೆ, ನಮ್ಮ ಪಕ್ಕದ ಮನೆಯೇ ಉಂಟು.

ಹಳೇ ತಲೆ · ಸೋಮವಾರ ರಾತ್ರಿ 9:35

ನಾನು ರಿಟೈರ್ಡ್ ಮೇಷ್ಟ್ರು, ಟೈಪಿಂಗ್ ನಿಧಾನ, ತಪ್ಪಿದ್ರೆ ಸುಧಾರಿಸಿ.

ನಮ್ಮ ತುಳುನಾಡಿನ ಸಿರಿಯ ಪಾಡ್ದನ, ಅಂದರೆ ಹಾಡುಗತೆ, ಇಲ್ಲಿ ನೆನಪಿಗೆ ಬರಬೇಕಿತ್ತು ಯಾರಿಗಾದರೂ. ಸಿರಿ ಬಸುರಿ, ಬಯಕೆಗೆ ಅಂತ ಗಂಡ ಕಾಂತಣ ಪೂಂಜ ಸೀರೆ ತರುತ್ತಾನೆ. ದಾರಿಯಲ್ಲಿ ಸಿದ್ದು ಅನ್ನುವವಳ ಮನೆಗೆ ಹೋಗಿದ್ದಾನೆ, ಅವಳು ಆ ಸೀರೆಯನ್ನು ಬಿಡಿಸಿ ಉಟ್ಟು ಮತ್ತೆ ಮಡಚಿ ಇಟ್ಟಿದ್ದಾಳೆ. ಸಿರಿಗೆ ಅದು ಗೊತ್ತಾಗುತ್ತದೆ, ತುಂಬಿದ ಸಭೆಯಲ್ಲಿ ಈ ಸೀರೆ ನನಗೆ ಬೇಡ ಎನ್ನುತ್ತಾಳೆ. ಅಳುವುದಿಲ್ಲ, ಕಾಡುವುದಿಲ್ಲ. ಮುಂದೆ ಆ ಮದುವೆಯನ್ನೇ ಬಿಡುತ್ತಾಳೆ, ಇನ್ನೊಂದು ಮದುವೆಯೂ ಆಗುತ್ತಾಳೆ. ನಂದಳಿಕೆ, ಹಿರಿಯಡ್ಕ, ಕವತ್ತಾರಿನ ಸಿರಿ ಜಾತ್ರೆಯಲ್ಲಿ ಸಾವಿರಾರು ಹೆಂಗಸರು ಇವತ್ತಿಗೂ ಸೇರುವುದು ಆ ಹೆಣ್ಣಿನ ಹೆಸರಲ್ಲಿ.

ಅವಳಿಗೆ ಬೇಡ ಅನ್ನಲು ಆ ಧೈರ್ಯ ಎಲ್ಲಿಂದ ಬಂತು ಎಂದು ನಾನು ಮಕ್ಕಳನ್ನು ಕೇಳುತ್ತಿದ್ದೆ. ನನ್ನ ಊಹೆ ಇದು. ಇಲ್ಲಿ ಬಂಟರು, ಬಿಲ್ಲವರು, ಮೊಗವೀರರು ಹೀಗೆ ಅನೇಕರಲ್ಲಿ ಅಳಿಯಸಂತಾನ ಇತ್ತು, ಆಸ್ತಿ ಹೋಗುವುದು ತಾಯಿಯ ವಂಶದ ದಾರಿಯಲ್ಲಿ. 1949ರಲ್ಲಿ ಮದ್ರಾಸಿನಲ್ಲಿ ಅದಕ್ಕೆ ಪ್ರತ್ಯೇಕ ಕಾಯ್ದೆಯೇ ಬಂತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಳೆಯ ಪದ್ಧತಿ ಸಡಿಲವಾಯಿತು. ಆ ಪದ್ಧತಿಯಲ್ಲಿ ಹೆಣ್ಣು ಗಂಡನ ಮನೆಯಿಂದ ಎದ್ದು ಬಂದರೆ ಕಾಲಿಡಲು ಅವಳದ್ದೇ ಮನೆ ಇತ್ತು. ಸ್ವರ್ಗ ಏನೂ ಅಲ್ಲ, ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ. ಆದರೂ ಹಿಂದೆ ಒಂದು ಮನೆ ಇದ್ದವಳು ಗಂಡನನ್ನು ನಂಬುವ ರೀತಿ ಬೇರೆ, ಏನೂ ಇಲ್ಲದವಳು ನಂಬುವ ರೀತಿ ಬೇರೆ. ಎರಡನೆಯವಳದ್ದು ನಂಬಿಕೆಯೋ ನಿರ್ವಾಹವಿಲ್ಲದ್ದೋ ಎಂದು ಅವಳಿಗೇ ತಿಳಿಯುವುದಿಲ್ಲ. ಗಂಡಸರು ಅದನ್ನೇ ಪ್ರೀತಿ ಎಂದುಕೊಂಡು ಆರಾಮಾಗಿ ಇದ್ದುಬಿಡುತ್ತೇವೆ. ನಾನೂ ಇದ್ದೆ.

ಮಂಡೆಬಿಸಿ · ಸೋಮವಾರ ರಾತ್ರಿ 9:52

ಸರ್ 🙏 ಆ ಕೊನೇ ಎರಡು ಪದ.

ಕರಿಕೋಟು · ಸೋಮವಾರ ರಾತ್ರಿ 11:10

ಕೋರ್ಟು ಮುಗಿಸಿ ಈಗ ಕೂತೆ. ಮೇಷ್ಟ್ರು ಹೇಳಿದ್ದಕ್ಕೆ ಕಾನೂನಿನ ಬಾಲ ಸೇರಿಸ್ತೇನೆ. 2018ರ ಸೆಪ್ಟೆಂಬರ್ 27ರವರೆಗೆ ಐಪಿಸಿ 497 ಇತ್ತು, 1860ರ ಕಾನೂನು. ಹೆಂಡ್ತಿ ಬೇರೆಯವನ ಜೊತೆ ಹೋದ್ರೆ ಗಂಡ ಆ ಬೇರೆಯವನ ಮೇಲೆ ಕೇಸ್ ಹಾಕ್ಬಹುದು. ಗಂಡ ಬೇರೆಯವಳ ಜೊತೆ ಹೋದ್ರೆ ಹೆಂಡ್ತಿ ಈ ಸೆಕ್ಷನಲ್ಲಿ ಯಾರ ಮೇಲೂ ಹಾಕ್ಲಿಕ್ಕಿಲ್ಲ. ಗಂಡನ ಒಪ್ಪಿಗೆ ಇದ್ರೆ ಅಪರಾಧವೇ ಅಲ್ಲ! ಅಂದ್ರೆ ಮೋಸ ಹೋಗುವ ಹಕ್ಕು ಕೂಡ ಗಂಡಂದು ಮಾತ್ರ. ಐವರು ಜಡ್ಜುಗಳ ಪೀಠ ಅದನ್ನು ತೆಗೆದುಹಾಕಿತು. ಈಗ ಅದು ಕ್ರಿಮಿನಲ್ ಅಲ್ಲ, ಡೈವೋರ್ಸಿಗೆ ಮಾತ್ರ ಕಾರಣ, ಇಬ್ರಿಗೂ ಸಮ.

ಮದುವೆ ಆಗದೆ ಒಟ್ಟಿಗಿರುವವ್ರಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ "ಮದುವೆಯ ಸ್ವರೂಪದ ಸಂಬಂಧ" ಅಂತ ಒಂದು ಬಾಗಿಲುಂಟು, ಹೆಣ್ಣಿಗೆ ರಕ್ಷಣೆ ಸಿಗ್ತದೆ, ಆದ್ರೆ ವಾರಕ್ಕೊಮ್ಮೆ ಭೇಟಿ ಆಗುವ ಲವ್ವಿಗೆಲ್ಲ ಅದು ಬರುದಿಲ್ಲ.

ಮತ್ತೆ ಕದ್ದು ಫೋನ್ ರೆಕಾರ್ಡ್ ಮಾಡುವವ್ರು ಕೇಳಿ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಗಂಡ ಹೆಂಡ್ತಿ ಕದ್ದು ರೆಕಾರ್ಡ್ ಮಾಡಿದ ಮಾತನ್ನು ಡೈವೋರ್ಸ್ ಕೇಸಲ್ಲಿ ಸಾಕ್ಷಿಯಾಗಿ ತಗೊಳ್ಬಹುದು ಅಂತ ಹೇಳಿತು. ಹಾಗೆ ಮಾಡಿದ್ರೆ ಮನೆಯ ನೆಮ್ಮದಿ ಹಾಳಾಗ್ತದೆ ಅನ್ನುವ ವಾದಕ್ಕೆ, ಒಬ್ಬರ ಮೇಲೊಬ್ಬರು ಗೂಢಚಾರಿಕೆ ಮಾಡುವ ಹಂತಕ್ಕೆ ಬಂದಿದ್ದಾರೆ ಅಂದ್ರೆ ಆ ಸಂಬಂಧದಲ್ಲಿ ನಂಬಿಕೆ ಆಗ್ಲೇ ಹೋಗಿದೆ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟಿತು. ನನ್ನ ಅನುಭವದಲ್ಲಿ ನನ್ನ ಟೇಬಲ್ಲಿಗೆ ಬರುವ ಗಂಡಸ್ರು ಚಾಟಿನ ಸ್ಕ್ರೀನ್‌ಶಾಟ್ ತರ್ತಾರೆ, ಹೆಂಗಸ್ರು ಚಿನ್ನ ಅಡವಿಟ್ಟ ರಶೀದಿ ತರ್ತಾರೆ. ನೂರಕ್ಕೆ ನೂರು ಹಾಗೆ ಅಲ್ಲ, ಆದ್ರೆ ಕವರ್ ಬಿಚ್ಚುವ ಮೊದ್ಲೇ ನಾನು ಊಹೆ ಮಾಡ್ತೇನೆ, ತಪ್ಪುದು ಕಮ್ಮಿ.

ಸಾನ್ನಾ ಪ್ರೇಮಿ · ಮಂಗಳವಾರ ಬೆಳಿಗ್ಗೆ 8:15

ನಮ್ಮ ಇಗರ್ಜಿಯಲ್ಲಿ ಮದುವೆಗೆ ಮೊದ್ಲು ತಯಾರಿ ಕೋರ್ಸಿಗೆ ಕೂರ್ಬೇಕು. ಅಲ್ಲಿ ದುಡ್ಡು, ಅತ್ತೆ ಮನೆ, ಮಕ್ಕಳು ಎಲ್ಲ ಮಾತಾಡಿಸ್ತಾರೆ. ನನ್ನವ್ನು ಅಲ್ಲಿ ಕೂತು ಆಕಳಿಸ್ತಿದ್ದ, ಆದ್ರೆ ಅವ್ನಿಗೆ ಅಕ್ಕನ ಮದುವೆಯ ಸಾಲ ಇನ್ನೂ ತೀರಿಲ್ಲ ಅಂತ ನಂಗೆ ಗೊತ್ತಾದದ್ದು ಅಲ್ಲೇ. ಬೇರೆಯವ್ರು ಕೇಳಿದ್ರೆ ಹೇಳುದು ಸುಲಭ ಅಂತೆ. ಏಳನೇ ಸೀಟಿನ ಹುಡುಗಿ ಪಾಪ ಬಂಡೆ ಮೇಲೆ ಕೂತು ತಾನೇ ಕೋರ್ಸ್ ನಡೆಸಿದ್ದಾಳೆ.

ಕಂಕನಾಡಿ ಅಕ್ಕ · ಮಂಗಳವಾರ ಬೆಳಿಗ್ಗೆ 10:05

ತಮ್ಮಾ ಏಳನೇ ಸೀಟು, ನೀನು ಭಾನುವಾರ ರಾತ್ರಿ ಬರೆದು ಓಡಿದ್ದಿ. ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ. ಸಾಲ ಎಷ್ಟು ಅಂತ ಕೇಳಿದ್ದಕ್ಕೆ ಸಿಟ್ಟು ಯಾಕೆ ಬಂತು? ಸಾಲ ಇಲ್ಲದವ್ನಿಗೆ "ಇಲ್ಲ" ಅನ್ಲಿಕ್ಕೆ ಒಂದು ಸೆಕೆಂಡ್ ಸಾಕು. ನೀನು ಇಷ್ಟುದ್ದ ಬರೆದದ್ರಲ್ಲಿ ಎಷ್ಟು ಸಾಲ ಅಂತ ನಮ್ಗೂ ಹೇಳ್ಲಿಲ್ಲ.

ಬೂತಾಯಿ ಫ್ರೈ · ಮಂಗಳವಾರ ಬೆಳಿಗ್ಗೆ 10:07

ಅಕ್ಕ 🔥 ಸಿಬಿಐಗೆ ಸೇರಿ ನೀವು

ಏಳನೇ ಸೀಟು · ಗುರುವಾರ ರಾತ್ರಿ 11:20

ಕ್ಷಮಿಸಿ, ಎರಡು ದಿನ ಇಲ್ಲಿಗೆ ಬರ್ಲಿಕ್ಕೆ ಮುಖ ಇರ್ಲಿಲ್ಲ. ಅಕ್ಕ, ನೀವು ಹೇಳಿದ್ದು ಸರಿ.

ನನ್ನ ಹೆಸ್ರಲ್ಲಿ ಬೈಕಿನದ್ದು ಬಿಟ್ಟು ಸಾಲ ಇಲ್ಲ. ಆದ್ರೆ ಮೂರು ವರ್ಷದ ಹಿಂದೆ ಒಬ್ಬ ಫ್ರೆಂಡಿಗೆ ಟೆಂಪೋ ತೆಗೀಲಿಕ್ಕೆ ಜಾಮೀನು ಸೈನ್ ಹಾಕಿದ್ದೆ. ಐದು ತಿಂಗ್ಳಿಂದ ಅವ್ನು ಕಂತು ಕಟ್ಟಿಲ್ಲ, ಫೋನೂ ಎತ್ತುದಿಲ್ಲ. ನಂಗೆ ನೋಟಿಸ್ ಬಂದಿದೆ, ಮನೆಗೆ ಬರ್ಬಾರ್ದು ಅಂತ ಆಫೀಸ್ ಅಡ್ರೆಸ್ಸಿಗೆ ಹಾಕಿಸಿದ್ದೆ. ಅಮ್ಮಂಗೆ ಗೊತ್ತಿಲ್ಲ, ಅವ್ಳಿಗೂ ಹೇಳ್ಲಿಲ್ಲ. ಸಾಲ ನಂದಲ್ಲವಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡಿದ್ದೆ. ಅವ್ಳ ಮೇಲೆ ನಂಬಿಕೆ ಇಲ್ಲದೆ ಅಲ್ಲ, ಹೇಳಿದ್ರೆ ಅವ್ಳ ಕಣ್ಣಲ್ಲಿ ನಾನು ಮಂಗ ಆಗ್ತೇನೆ ಅಂತ. ಕುಂದಾಪ್ರದವ್ರು ಮೈಮೇಲೆ ಬಟ್ಟೆ ಇಲ್ಲದೆ ನಿಂತ ಹಾಗೆ ಅಂದ್ರಲ್ಲ, ಅದೇ.

ಇವತ್ತು ರಜೆ ಹಾಕಿ ಮಂಗಳೂರಿಗೆ ಹೋದೆ. ಹಂಪನಕಟ್ಟೆಯಲ್ಲಿ ಒಂದು ಹೋಟ್ಲಲ್ಲಿ ಕೂತು ಬನ್ಸ್ ಆರ್ಡರ್ ಮಾಡಿ, ಬ್ಯಾಗಿಂದ ನೋಟಿಸ್ ತೆಗೆದು ಟೇಬಲ್ ಮೇಲೆ ಇಟ್ಟೆ. ಪಿಎಫ್ ಫಾರ್ಮಿನ ಜೆರಾಕ್ಸ್ ಕೂಡ ತಂದಿದ್ದೆ, ಅಮ್ಮ ನಾಮಿನಿ. ಅವ್ಳು ಪಿಎಫ್ ಕಡೆ ನೋಡ್ಲೇ ಇಲ್ಲ. ನೋಟಿಸ್ ಪೂರ್ತಿ ಓದಿದ್ಲು, ಎರಡನೇ ಪುಟ ತಿರುಗಿಸಿ ಸಣ್ಣ ಅಕ್ಷರ ಕೂಡ ಓದಿದ್ಲು. ಬನ್ಸಿನ ಎಣ್ಣೆ ಬೆರಳು ತಾಗಿ ಪೇಪರಲ್ಲಿ ಒಂದು ಕಲೆ ಆಯ್ತು. ನಾನು ಬೈತಾಳೆ ಅಂತ ಕಾದೆ. ಬ್ಯಾಗಿಂದ ಪೆನ್ ತೆಗೆದು "ಕಂತು ಎಷ್ಟನೇ ತಾರೀಕಿಗೆ" ಅಂತ ಕೇಳಿದ್ಲು.

ಆಮೇಲೆ ಬೈದ್ಲು, ಅದು ಬೇರೆ ವಿಷಯ. ಬಸ್ ಸ್ಟ್ಯಾಂಡ್‌ವರೆಗೆ ಬೈದ್ಲು. ಸಾಲಕ್ಕೆ ಅಲ್ಲ, ನೋಟಿಸ್ ಆಫೀಸಿಗೆ ಹಾಕಿಸಿದ್ದಕ್ಕೆ.

ಮೂರನೇ ಪ್ರಶ್ನೆಗೆ, ಅಮ್ಮಂದು, ಉತ್ತರ ಇನ್ನೂ ಕೊಟ್ಟಿಲ್ಲ. ಗೊತ್ತಿಲ್ಲ ನಂಗೆ.

ಕರಿಕೋಟು · ಗುರುವಾರ ರಾತ್ರಿ 11:41

ಸಾಲ ನಂದಲ್ಲ ಅನ್ನುದನ್ನು ಮೊದ್ಲು ತಲೆಯಿಂದ ತೆಗೀರಿ. 1872ರ ಕರಾರು ಕಾಯ್ದೆಯ ಸೆಕ್ಷನ್ 128, ಕರಾರಿನಲ್ಲಿ ಬೇರೆ ಎಂತಾದ್ರೂ ಬರೆದಿರದಿದ್ರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದ್ಲು ಅವ್ನನ್ನು ಹಿಡಿದು ಆಮೇಲೆ ನಿಮ್ಮ ಹತ್ರ ಬರ್ಬೇಕು ಅಂತ ಇಲ್ಲ, ಸೀದಾ ನಿಮ್ಮ ಹತ್ರ ಬರ್ಬಹುದು. ನೀವು ಕಟ್ಟಿದ್ರೆ ಆ ದುಡ್ಡನ್ನು ಅವ್ನಿಂದ ವಸೂಲಿ ಮಾಡುವ ಹಕ್ಕು ನಿಮ್ಗೆ ಬರ್ತದೆ. ನೋಟಿಸಿಗೆ ಉತ್ತರ ಕೊಡದೆ ಕೂರ್ಬೇಡಿ, ಟೆಂಪೋ ಎಲ್ಲುಂಟು ಅಂತ ಪತ್ತೆ ಮಾಡಿ.

ಹ್ವಾಯ್ ಕುಂದಾಪ್ರ · ಗುರುವಾರ ರಾತ್ರಿ 11:50

ಟೆಂಪೋ ನಂಬರ್ ಅಡ್ಮಿನ್‌ಗೆ ಮೆಸೇಜ್ ಮಾಡಿ, ಇಲ್ಲಿ ಹಾಕ್ಬೇಡಿ. ನಮ್ಮ್ ಕಡೆ ಓಡ್ತಾ ಇದ್ರೆ ಕಾಂಬ.

ಬೂತಾಯಿ ಫ್ರೈ · ಶುಕ್ರವಾರ ಬೆಳಿಗ್ಗೆ 8:30

ಓಡು ಅಂದಿದ್ದೆ, ವಾಪಸ್ ತಗೊಂಡಿದ್ದೇನೆ. ನಿಶ್ಚಿತಾರ್ಥ ಯಾವಾಗ ಬ್ರೋ?

ಏಳನೇ ಸೀಟು · ಶುಕ್ರವಾರ ಬೆಳಿಗ್ಗೆ 8:52

ಆಟಿ ತಿಂಗ್ಳು ಕಳೀಲಿ, ಅದ್ರಲ್ಲಿ ಶುಭ ಕೆಲ್ಸ ಬೇಡ ಅಂತ ಅವ್ಳ ಅಮ್ಮ. ಅಷ್ಟರೊಳಗೆ ಟೆಂಪೋ ಸಿಗ್ಲಿ ಅಂತ ಅವ್ಳು.